ಬದಲಿಯವನ ಕೈಗೆ ಕೊಟ್ಟ ಪಾಸ್‌ವರ್ಡ್

ಯಡ್ರಾವದ ಬಟ್ಟೆ ಗಿರಣಿಯೊಂದರಲ್ಲಿ ಸಂಘಪಾಲ ಮಾಡುತ್ತಿದ್ದ ಕೆಲಸಕ್ಕೆ ಕಾಗದದ ಮೇಲೆ ಹೆಸರೇ ಇರಲಿಲ್ಲ. ಹಾಗಾಗಿ ತಾನೇ ಒಂದನ್ನು ಇಟ್ಟುಕೊಂಡು, ಇಚಲಕರಂಜಿಯಲ್ಲಿ ಕಾರ್ಡು ಅಚ್ಚು ಹಾಕಿಸಿದ್ದ: 'ಜಾಲ ಸುರಕ್ಷಾ ಪ್ರಮುಖ'. ಪ್ರಮುಖರ ಕೈಕೆಳಗೆ ಇದ್ದದ್ದು ಒಂದು ಸ್ಟೂಲು.

ಅವನು ನೋಡಿಕೊಳ್ಳುತ್ತಿದ್ದದ್ದು ಫೈರ್‌ವಾಲ್ ಎಂಬ ಡಬ್ಬಿಯನ್ನು. ಗಿರಣಿಯ ಕಂಪ್ಯೂಟರುಗಳಿಗೆ ಹೊರಗಿನ ಕಳ್ಳರು ನುಗ್ಗದಂತೆ ತಡೆಯುವುದು ಅದರ ಕೆಲಸ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಆರು ವರ್ಷ ಕೂತು ಅದಕ್ಕೆ ಮುನ್ನೂರು ನಿಯಮ ಕಲಿಸಿದ್ದ. ಪ್ರತಿ ಶನಿವಾರ ಅಷ್ಟನ್ನೂ ಒಂದು ಫೈಲಿಗಿಳಿಸಿ, ಪಾಸ್‌ವರ್ಡಿನ ಬೀಗ ಹಾಕಿ ಎತ್ತಿಡುತ್ತಿದ್ದ; ಡಬ್ಬಿ ಕೆಟ್ಟರೆ ಹೊಸದಕ್ಕೆ ತುಂಬಲು ಇಟ್ಟ ಈ ನಕಲಿಗೆ ಬ್ಯಾಕಪ್ ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಚಹಾ ತಂದವನೂ ಬಾಗಿಲಲ್ಲೇ ನಿಲ್ಲಬೇಕು.

ಇದಕ್ಕೆ ಮುಂಚೆ ಅವನು ಎಂಟು ವರ್ಷ ಮಗ್ಗ ನಡೆಸಿದವನು. ಮಗ್ಗದ ಶೆಡ್ಡಿನಲ್ಲಿ ಒಂದು ರೂಢಿಯಿದೆ. ರಜೆಗೆ ಹೋಗುವವನು ತನ್ನ ಬದಲಿಯನ್ನು ತಾನೇ ತಂದು ನಿಲ್ಲಿಸಬೇಕು. ಅವನು ಮರಳಿದ ದಿನ ಬದಲಿ ಸೈಕಲ್ಲು ಹತ್ತಿ ಹೋಗುತ್ತಾನೆ. ಹೋಗೆಂದು ಯಾರೂ ಹೇಳಬೇಕಿಲ್ಲ.

ಕೋವಾಡದಲ್ಲಿ ತಂಗಿಯ ಮಗಳ ಮದುವೆ ಬಂತು. ಸಂಘಪಾಲ ನಾಲ್ಕು ದಿನಕ್ಕೆ ಋಷಿಕೇಶನನ್ನು ತಂದು ನಿಲ್ಲಿಸಿದ. ಪಕ್ಕದ ಗಿರಣಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವನು, ಹಳೆಯ ಗೆಳೆಯ.

"ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ. ನಾನ ಫೋನ್ ಮಾಡಿ ಕೇಳಿದ್ರೂ ಹೇಳಬ್ಯಾಡ."

"ಅರೆ ದೋಸ್ತಾ, ಸ್ಟೂಲ್ ನಿಂದ ಐತಿ. ನಾ ನಾಕ ದಿನದ ಪಾವ್ಣ್ಯಾ, ಬಂದ ಹೋಗಾಂವ."

ಮೂರನೆಯ ದಿನ ಸಿಡಿಲು ಬಡಿದು ಡಬ್ಬಿ ಸುಟ್ಟಿತು. ಮಾಲೀಕ ದಾದಾಸಾಹೇಬರು ಕೊಲ್ಹಾಪುರದಿಂದ ಅದೇ ಜಾತಿಯ ಹೊಸದನ್ನು ತರಿಸಿದರು. ಋಷಿಕೇಶ ಶನಿವಾರದ ಫೈಲನ್ನು ಅದಕ್ಕೆ ಉಣಿಸಿದ. ಕಾಲು ಗಂಟೆಯಲ್ಲಿ ಮುನ್ನೂರು ನಿಯಮಗಳೂ ತಮ್ಮ ತಮ್ಮ ಜಾಗದಲ್ಲಿ ನಿಂತವು. ದಾದಾಸಾಹೇಬರು ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

ಐದನೆಯ ದಿನ ಸಂಘಪಾಲ ಮದುವೆಯ ಬುಂದಿ ಲಾಡು ಹಿಡಿದು ಬಂದ. ತನ್ನ ಹೆಸರು ಒತ್ತಿದ. ಅಂಥವರು ಯಾರೂ ಇಲ್ಲ ಎಂದಿತು ಡಬ್ಬಿ. ಮೂರು ಸಲ ಒತ್ತಿದರೂ ಅದೇ ಮಾತು.

"ಋಷ್ಯಾ, ನನ್ನ ಹೆಸರ ತಗೊಳ್ಳವಲ್ದಲ್ಲೊ."

"ತಗದೇನಿ," ಎಂದ ಋಷಿಕೇಶ, ಪರದೆಯಿಂದ ಕಣ್ಣೆತ್ತದೆ. "ಒಬ್ಬರ ಸಾಕಂದ್ರು ದಾದಾಸಾಹೇಬ್ರು."

"ನೀ ಬದಲಿ ಅದಿ!"

"ಹೌದಪಾ. ಆದ್ರ ಇದೇನ ಮಗ್ಗಲ್ಲಲ್ಲ."

ದಾದಾಸಾಹೇಬರು ಲಾಡು ಅಗಿಯುತ್ತ ಸಮಾಧಾನ ಹೇಳಿದರು: "ಮನಸ್ಸಿಗೆ ಹಚಗೋಬ್ಯಾಡ್ರಿ ಸಂಘಪಾಲ. ಇಂವಾ ಕ್ಯಾಮೆರಾನೂ ನೋಡ್ತಾನ. ನೀವ ಮಾಡಿದ್ದೇನೂ ಹಾಳಾಗಿಲ್ಲ, ಎಲ್ಲಾ ಫೈಲಿನಾಗ ಐತಿ. ಭಾಳ ಛಲೋ ಮಾಡಿಟ್ಟೀರಿ."

ಆರು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಮನೆಯಲ್ಲಿ ಹೆಂಡತಿ ಶುಭಾಂಗಿ ಭಾಕರಿ ಬಡಿಯುತ್ತಿದ್ದಳು. ಸಂಘಪಾಲ ಗೋಡೆಗೊರಗಿ ಕೂತ. "ಒಂಬತ್ತ ವರ್ಷ ಒಂದ ಬಶ್ಯಾಗ ಚಾ ಹಂಚಕೊಂಡ ಕುಡದೇವಿ. ನನ್ನ ಬೀಗದ ಕೈಲೇ ನನ್ನ ಹೊರಗ ಹಾಕಿದ."

ಶುಭಾಂಗಿ ಸ್ವಲ್ಪ ಯೋಚಿಸಿದಳು. "ಆ ಫೈಲಿನಾಗ ನಿಮಗಷ್ಟ ತಿಳಿಯುವಂಥಾ ಒಂದ ತಪ್ಪರ ಇಡಬೇಕಿತ್ತಿಲ್ಲೊ? ಇವತ್ತ ಮನೀತನಕಾ ಹುಡಕ್ಕೊಂಡ ಬರ್ತಿದ್ರು."

ಸಂಘಪಾಲ ಎದ್ದೇ ನಿಂತ. "ನನ್ನ ಬ್ಯಾಕಪ್ಪಿನಾಗ ತಪ್ಪ? ಮುನ್ನೂರಕ್ಕ ಮುನ್ನೂರೂ ಬಂದಾವು, ತಿಳೀತಿಲ್ಲೊ? ಮೊದಲನೇ ಸಲಕ್ಕ!"

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಮುಖ ತೊಳೆಯುತ್ತೇನೆಂದು ಬಚ್ಚಲಿಗೆ ಹೋದವನು, ಭಾಕರಿ ಆರಿದರೂ ಹೊರಗೆ ಬರಲಿಲ್ಲ.