ನೀರಿಗೆ ಉಸಿರಿದೆಯೇ ಎಂದು ನೋಡುತ್ತಿದ್ದ ಮೇಷ್ಟ್ರು

ಮೊನ್ನೆ ಕೃಷ್ಣರಾಜನಗರದಲ್ಲಿ ಮೀನು ಮಾರಿ ಬರುವಾಗ ಚರಂಡಿಯ ಅಂಚಿಗೆ ಯಾರೋ ಬ್ಲೀಚಿಂಗ್ ಪುಡಿ ಚೆಲ್ಲಿಕೊಂಡು ಹೋಗುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಖಾಲಿ ಬುಟ್ಟಿ ಇಳಿಸಿ ನಿಂತುಬಿಟ್ಟೆ. ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು...

ನಾನು ಓದಿದ್ದು ಐದನೇ ಕ್ಲಾಸು. ಮಿರ್ಲೆಯ ಆಚೆಗಿರುವ ನಮ್ಮೂರ ಕೆರೆಯಲ್ಲಿ ಬಲೆ ಹಾಕುವುದು ನನ್ನ ಕಸುಬು. ಯಾರ ಮುಂದೆಯೂ ಕೈ ಚಾಚಿದವನಲ್ಲ. ತೆಪ್ಪ ನಾನೇ ಹೆಣೆದದ್ದು, ಅದಕ್ಕೆ ಬೇರೆಯವರನ್ನು ಹತ್ತಿಸುತ್ತಿರಲಿಲ್ಲ. ಕೆರೆ ನೀರು ಪರೀಕ್ಷೆ ಮಾಡಬೇಕು, ತೆಪ್ಪದಲ್ಲಿ ಕರೆದುಕೊಂಡು ಹೋಗು ಎಂದು ಮೇಷ್ಟ್ರು ಬಂದು ಕೇಳಿದಾಗಲೂ ಆಗುವುದಿಲ್ಲ ಎಂದೇ ಹೇಳಹೊರಟಿದ್ದೆ.

"ಈಜು ಬತ್ತದಾ ಸಾ?"

"ಇಲ್ಲಪ್ಪ. ಅದಕ್ಕೇ ನಿನ್ನ ಹತ್ರ ಬಂದಿದ್ದು" ಎಂದು ನಕ್ಕರು. ಆ ಮಾತಿಗೆ ಹತ್ತಿಸಿಕೊಂಡೆ.

ಅಂದಿನಿಂದ ಭಾನುವಾರದ ಬೆಳಗು ನಮ್ಮಿಬ್ಬರದಾಯಿತು. ಅವರಿಗೆ ಊರಿನಲ್ಲಿ ಹಿಂದೆ ಮುಂದೆ ಯಾರೂ ಇರಲಿಲ್ಲ. ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲೂ ಮಾತಿರಲಿಲ್ಲ. ಕಪ್ಪು ಬಿಳಿ ಬಣ್ಣ ಬಳಿದ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಅವರು ನೀರಿಗೆ ಬಿಡುತ್ತಿದ್ದರು. ಅದು ಎಷ್ಟು ಆಳದವರೆಗೆ ಕಾಣುತ್ತದೆಯೋ ನೀರು ಅಷ್ಟು ತಿಳಿ. ಸೀಸೆಯಲ್ಲಿ ಕೆರೆ ನೀರು ತುಂಬಿ ಔಷಧಿ ಹನಿಸಿದಾಗ ಕಂದು ಬಣ್ಣಕ್ಕೆ ತಿರುಗಿದರೆ ಮೀನಿಗೆ ಅಲ್ಲಿ ಉಸಿರಿದೆ, ಬೆಳ್ಳಗೇ ಉಳಿದರೆ ಇಲ್ಲ. ಕೆಸರನ್ನು ಜರಡಿಯಲ್ಲಿ ಜಾಲಿಸಿ ಹುಳುಗಳನ್ನು ಹುಡುಕುತ್ತಿದ್ದರು. ಬಗೆಬಗೆಯ ಹುಳು ಸಿಕ್ಕಿದರೆ ಹಬ್ಬದೂಟ ಸಿಕ್ಕವರ ಹಾಗೆ ಮುಖ ಅರಳುತ್ತಿತ್ತು.

ದಡದಲ್ಲಿ ದನ ತೊಳೆಯುವವನೊಬ್ಬ ಕೂಗುತ್ತಿದ್ದ: "ಏನ್ಲಾ, ಮೇಷ್ಟ್ರು ತಟ್ಟೆಗೆ ಈಜು ಕಲಿಸ್ತಾವ್ರಾ?"

"ನಿಂಗೂ ಕಲಿಸ್ತಾರೆ ಬಾರ್ಲಾ, ತಟ್ಟೆಗಿಂತ ಬಿರ್‍ನೆ ಮುಳುಗ್ತೀಯ!"

ಬಂಡೆ ಮೂಲೆಯಲ್ಲಿ ಮಾತ್ರ ಸೀಸೆ ಬೆಳ್ಳಗೇ ಉಳಿಯಿತು. ಊರ ಚರಂಡಿ ಬಂದು ಸೇರುವುದು ಅಲ್ಲೇ. ಮಕ್ಕಳು ಬಂಡೆಯಿಂದ ನೆಗೆದು ಈಜುತ್ತಿದ್ದದ್ದೂ ಅಲ್ಲೇ. ಮೇಷ್ಟ್ರು ಆ ನೀರನ್ನು ಐಸ್ ಡಬ್ಬಿಯಲ್ಲಿಟ್ಟು ಮೈಸೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಹೊಲಸಿನ ರೋಗಾಣು ಇದೆ, ಮಕ್ಕಳು ಇಳಿಯುವ ನೀರಲ್ಲ ಎಂದು ಬಂತು. ಮಕ್ಕಳನ್ನು ಅಲ್ಲಿಗೆ ಬಿಡಬೇಡಿ ಎಂದು ಅವರು ಊರವರಿಗೆ ಹೇಳಿದರು, ಚರಂಡಿ ತಿರುಗಿಸಿ ಎಂದು ಮೇಲಿನವರೆಗೂ ಬರೆದರು. ಕೆರೆ ನೋಡಲು ಅಧಿಕಾರಿಗಳು ಬರುತ್ತಾರೆ ಎಂದು ಸುದ್ದಿಯಾಯಿತು.

ಹೊರಗಿನವರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯುವ ಊರು ನಮ್ಮದು. ಕೆರೆಗೂ ಹಾಗೆಯೇ ಮಾಡಿದರು. ಊರ ಮಾನ ಹೋಗಬಾರದು, ನೀರು ಪಾಸಾಗಬೇಕು ಎಂದು ಕುಡಿಯುವ ನೀರಿನ ಟ್ಯಾಂಕಿಗೆ ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಮೂಟೆಗಟ್ಟಲೆ ಬಂಡೆ ಮೂಲೆಗೆ ಸುರಿದರು. ಅಧಿಕಾರಿಗಳು ಬರುವಷ್ಟರಲ್ಲಿ ಪುಡಿ ಸುತ್ತಲಿನ ನೀರಿಗೂ ಹರಡಿ ಆ ಅಂಚಿನುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಂದವರು ಮೂಗು ಮುಚ್ಚಿಕೊಂಡು ನೋಡಿ ಹೋದರು, ಅಷ್ಟೇ.

ಪುಡಿ ಸುರಿದವರೇ ಮೊದಲು ಕೂಗಿದ್ದು. "ಆ ಮೇಷ್ಟ್ರು ಸೀಸೆ ಔಸ್ದಿ ಕಣ್ರೋ ಮೀನು ಸಾಯ್ಸಿದ್ದು!"

ನನಗೆ ತಡೆಯಲಾಗಲಿಲ್ಲ. "ಅವ್ರು ಔಸ್ದಿ ಆಕಿದ್ದು ಸೀಸೆಗೆ ಕಣ್ರೋ, ಕೆರೆಗಲ್ಲ. ಮೂಟೆ ಸುರುದೋರು ಯಾರು ಅಂತ ನಿಮ್ಮ್ ನಿಮ್ಮ್ ಕೈ ಮೂಸ್ಕಂಡ್ ನೋಡ್ಕಳಿ!"

ಆಮೇಲೆ ನನ್ನ ಮೀನನ್ನು ಊರಿನಲ್ಲಿ ಯಾರೂ ಮುಟ್ಟಲಿಲ್ಲ. ಔಷಧಿ ಕುಡಿದ ಮೀನು ಎಂಬ ಮಾತು ಸಂತೆಯವರೆಗೂ ಹಬ್ಬಿತು. ಆದರೂ ಭಾನುವಾರ ತೆಪ್ಪ ಇಳಿಸಿದೆ.

"ನನ್ನ ಬಿಟ್ಬಿಡಪ್ಪ, ನಿನ್ನ ಹೊಟ್ಟೆಪಾಡು ನೋಡ್ಕೋ" ಎಂದರು ಮೇಷ್ಟ್ರು.

"ಹೊಟ್ಟೆ ನಂದು ಸಾ. ನೀವು ತಟ್ಟೆ ಬುಡಿ."

ಅವರು ನಗಲಿಲ್ಲ. ತಟ್ಟೆ ಕಣ್ಮರೆಯಾದ ಮೇಲೂ ಹಗ್ಗ ಬಿಡುತ್ತಲೇ ಇದ್ದರು...

ಮುಂದೊಂದು ಭಾನುವಾರ ಅವರು ಬರಲೇ ಇಲ್ಲ. ಬಿಸಿಲೇರುವವರೆಗೂ ದಡದಲ್ಲಿ ಕಾದು, ಟೀ ಅಂಗಡಿಯ ಅಕ್ಕನನ್ನು ಕೇಳಿದೆ. "ನಿಂಗೇಳ್ನಿಲ್ವಾ? ತಾವಾಗೇ ಕೇಳಿ ಕೋಟೆ ಕಡೀಕೆ ವರ್ಗ ಮಾಡಿಸ್ಕಂಡ್ರಂತೆ ಕಣಪ್ಪ. ನಾನಿದ್ರೆ ಅವ್ನ ಮೀನು ಕೊಳೀತದೆ ಅಂತಿದ್ರು" ಎಂದಳು.

ಅವರು ಹೇಳಿದಂತೆಯೇ ಆಯಿತು. ತಿಂಗಳು ಕಳೆಯುವುದರೊಳಗೆ ಬೈದವರೇ ಬುಟ್ಟಿಯ ಮುಂದೆ ಕೂತು ಚೌಕಾಸಿ ಮಾಡತೊಡಗಿದರು. ಮೀನು ತೂಗಿ ಕೊಟ್ಟೆ, ಒಂದು ಕಾಸೂ ಬಿಡಲಿಲ್ಲ. ಬಹಳ ವರ್ಷದ ಮೇಲೆ ಎಚ್.ಡಿ. ಕೋಟೆಗೆ ಹೋಗಿ ಅವರ ಶಾಲೆಯನ್ನು ಹುಡುಕಿದೆ. ಮೇಷ್ಟ್ರು ತೀರಿಕೊಂಡರು ಎಂದು ಅಲ್ಲಿನ ಜವಾನ ಹೇಳಿದ. ಬಸ್ಸಿನಲ್ಲಿ ಹೇಗೆ ವಾಪಸ್ಸು ಬಂದೆನೋ ನೆನಪಿಲ್ಲ...

ಚರಂಡಿ ಈಗಲೂ ಬಂಡೆ ಮೂಲೆಗೇ ಬೀಳುತ್ತದೆ. ಮಕ್ಕಳು ಮಾತ್ರ ಬಡಗಲ ಮೆಟ್ಟಿಲ ಕಡೆ ಈಜುತ್ತಾರೆ. ನಿನ್ನೆ ಬಟ್ಟೆ ಒಗೆಯುತ್ತಿದ್ದ ಹುಡುಗಿಯೊಬ್ಬಳು, ಈ ಊರಿಗೆ ಸೊಸೆಯಾಗಿ ಬಂದವಳು, ಮಗನನ್ನು ಗದರುತ್ತಿದ್ದಳು: "ಬಂಡೆ ತಾವ್ಕೆ ಓಗ್ಬ್ಯಾಡ ಕಣ್ಲಾ, ಅಲ್ಲಿ ನೀರು ಕೆಟ್ಟದ್ದು!"

ತೆಪ್ಪ ನಿಲ್ಲಿಸಿ ಕೇಳಿದೆ. "ಯಾರವ್ವ ಅಂಗಂದೋರು?"

"ಯಾರೋ ಇಂದ್ಲೋರು ಕಣಣ್ಣ. ನಮ್ಮತ್ತೆನೂ ಅಂಗೇ ಯೋಳ್ತಾರೆ."

ಮೇಷ್ಟ್ರ ಹೆಸರು ನಾಲಿಗೆಯ ತುದಿಗೆ ಬಂತು. ಅವಳು ಆಗಲೇ ಮಗನ ತಲೆ ಒರೆಸುವುದರಲ್ಲಿದ್ದಳು. ನಾನು ಹುಟ್ಟು ಹಾಕಿದೆ.