ಒಗೆಯುವ ಕೋಣೆಯ ಚೀಟಿಗಳು

ಕಳೆದ ವಾರ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ನೀಲಿ ಶಾಯಿ, ದಪ್ಪ ಅಕ್ಷರ. ‘ಸರದಿ ಬರೆಸದೆ ಯಂತ್ರ ಬಳಸುವವರು ಗಮನಿಸಿ’ ಎಂದು ಶುರುವಾಗಿತ್ತು. ಒಳಗಿನಿಂದ ಬಿಸಿ ಸೋಪಿನ ವಾಸನೆ ಬರುತ್ತಿತ್ತು. ಅದರಡಿಯಲ್ಲಿ, ಸೋಪು ಮುಚ್ಚಲಾರದ ಇನ್ನೊಂದು ವಾಸನೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತವಳಿಗೆ ಗ್ರಂಥಾಲಯದ ವಕೀಲಮ್ಮ ನೆನಪಾದರು.

ಎರಡು ಸಾವಿರನೇ ಇಸವಿ ದಾಟಿದ ಹೊಸತರ ಮಾತು. ಅವರು ನ್ಯಾಯಾಲಯದ ಕಚೇರಿಯಲ್ಲಿ ದುಡಿದು ನಿವೃತ್ತರಾದ ಸ್ವೀಡಿಷ್ ಹೆಂಗಸು; ವಕೀಲಮ್ಮ ಎಂಬುದು ನಾನಿಟ್ಟ ಹೆಸರು. ನಮ್ಮ ಊರಾದ ಟ್ರೋಲ್‌ಹೆಟ್ಟನ್ನಿನ ಗ್ರಂಥಾಲಯದ ಒಂದು ಮೂಲೆಯಲ್ಲಿ ಪ್ರತಿ ಮಂಗಳವಾರ ಮೂರರಿಂದ ಐದರವರೆಗೆ ಕೂತು, ಕೇಳಿಬಂದವರಿಗೆ ಪುಕ್ಕಟೆಯಾಗಿ ಕಾನೂನಿನ ಸಲಹೆ ಕೊಡುತ್ತಿದ್ದರು. ಮೊದಲ ನೋಟಕ್ಕೇ ನನಗೆ ಅಸಹ್ಯ ಹುಟ್ಟಿತ್ತು. ಮೇಲ್ತುಟಿಯೊಳಗೆ ಸದಾ ಸ್ನೂಸ್ ಎಂಬ ಇಲ್ಲಿನ ತಂಬಾಕಿನ ಉಂಡೆ; ಹಲ್ಲಿನ ಸಂದಿಯಲ್ಲಿ ಕಂದು ರಸ. ಕಡತಗಳ ಮೇಲೆ ಕಾಫಿ ಲೋಟದ ಕಲೆ, ಕಾಗದಗಳ ನಡುವೆ ಒಣರೊಟ್ಟಿಯ ಪುಡಿ. ನಾನು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಈ ದೇಶದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ವಾರ್ಡ್ ಸಿಸ್ಟರ್ ಆಗಿದ್ದವಳು. ಐದೂವರೆಗೆ ಏಳುವುದನ್ನೂ ಹಾಸಿಗೆಯ ಹೊದಿಕೆಯ ಮೂಲೆಗಳನ್ನು ಲಕೋಟೆಯಂತೆ ಮಡಚುವುದನ್ನೂ ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ.

ಒಗೆಯುವ ಕೋಣೆಯ ಸರದಿ ಪಟ್ಟಿಯ ಕಾವಲನ್ನೂ ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಅದನ್ನು ಮುರಿಯುತ್ತಿದ್ದವನು ಮೂರನೇ ಮಹಡಿಯ ಕನ್ನಡದವರ ಹುಡುಗ. ಹತ್ತೊಂಬತ್ತರ ಪ್ರಾಯ, ಇಲ್ಲೇ ಹುಟ್ಟಿ ಬೆಳೆದು ಇಲ್ಲಿನ ಪ್ರಜೆಯಾದವನು. ತಂದೆ ತೀರಿಕೊಂಡಿದ್ದರು. ತಾಯಿ ಹೊರಗೆ ಕಾಣಿಸಿಕೊಳ್ಳದೆ ವರ್ಷವಾಗಿತ್ತು. ವಾರಕ್ಕೆ ನಾಲ್ಕೈದು ಸಲ ಸರದಿಯಿಲ್ಲದೆ ಬಂದು ಬೆಡ್‌ಶೀಟ್ ಒಗೆಯುತ್ತಿದ್ದ. ನಾನು ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತಿದ್ದೆ. ಪ್ರತಿಯೊಂದರಲ್ಲೂ ದಿನಾಂಕ, ಗಂಟೆ, ಕೆಳಗೆ ಸಹಿ. ವಾರ್ಡಿನ ಅಭ್ಯಾಸ.

ಒಂದು ದಿನ ಯಂತ್ರದ ಮುಂದೆಯೇ ಸಿಕ್ಕಿಬಿದ್ದ.

“ಏನಪ್ಪಾ, ಇದೇನು ನಿಮ್ಮಜ್ಜನ ಮನೆ ಬಾವಿಕಟ್ಟೆನಾ?”

“ಸಾರಿ ಆಂಟಿ. ಅಮ್ಮಂದು.”

“ಅಮ್ಮಂದು ಅಂದ್ರೆ?”

ಅವನು ಜೇಬಿನಿಂದ ಒಂದು ಲಕೋಟೆ ತೆಗೆದ. ಆಗ ಇಲ್ಲಿ ಗಂಡುಮಕ್ಕಳಿಗೆ ಸೇನಾಸೇವೆ ಕಡ್ಡಾಯವಿತ್ತು. ಎಲ್ಲರನ್ನೂ ಕರೆಯುತ್ತಿರಲಿಲ್ಲ, ಇವನನ್ನು ಕರೆದಿದ್ದರು. “ಅಮ್ಮಂಗೆ ಸ್ಟ್ರೋಕ್ ಆದ್ಮೇಲೆ ಎಲ್ಲಾ ನಾನೇ ಮಾಡ್ತಿದೀನಿ ಆಂಟಿ. ಕೊಮ್ಯೂನ್‌ನಿಂದ ಸಹಾಯದವರನ್ನ ಕರೀತೀನಿ ಅಂದ್ರೆ ಊಟಾನೇ ಬಿಡ್ತಾಳೆ. ನಾನು ಹೋದ್ರೆ ಅವಳನ್ನ ಎತ್ತೋರು ಯಾರು?”

ಮಂಗಳವಾರ ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ದೆ. ವಕೀಲಮ್ಮ ಪತ್ರ ಓದಿದರು. ಮನೆಯವರ ಆರೈಕೆಗಾಗಿ ಸೇವೆಯನ್ನು ಮುಂದೂಡಿ ಎಂದು ಕೇಳಬಹುದು, ಆದರೆ ಪುರಾವೆ ಬೇಕು, ಕೊಮ್ಯೂನ್‌ನ, ಅಂದರೆ ಇಲ್ಲಿನ ನಗರಸಭೆಯ, ಅಧಿಕಾರಿ ಮನೆಗೆ ಬಂದು ನೋಡಿ ವರದಿ ಕೊಡಬೇಕು ಎಂದರು. ಈ ದೇಶದಲ್ಲಿ ಎಲ್ಲರಿಗೂ ಏಕವಚನವೇ. ನನ್ನತ್ತ ತಿರುಗಿ, “ಮನೆ ಇರುವ ಹಾಗೇ ಇರಲಿ. ಒಂದು ಲೋಟವನ್ನೂ ತೊಳೆಯಬೇಡ, ಕೇಳಿಸಿತಾ?” ಎಂದರು.

ಕೇಳಿಸಿತ್ತು. ಆದರೂ ಅಧಿಕಾರಿ ಬರುವ ದಿನ ಬೆಳಿಗ್ಗೆ ಆರಕ್ಕೆ ಮೇಲೆ ಹೋದೆ. ಬಾಗಿಲು ತೆರೆದಾಗ ಆ ವಾಸನೆ… ತಡೆಯಲಾಗಲಿಲ್ಲ. ಕಿಟಕಿ ತೆರೆದೆ, ನೆಲ ಒರೆಸಿದೆ, ಮಲಮೂತ್ರದ ಕುರ್ಚಿಯನ್ನು ಬಾಲ್ಕನಿಗೆ ದಬ್ಬಿ ಮೇಲೆ ಕಂಬಳಿ ಹೊದಿಸಿದೆ. ಮೇಲಧಿಕಾರಿ ರೌಂಡ್ಸಿಗೆ ಬರುವ ಮೊದಲು ವಾರ್ಡು ಹೊಳೆಯಬೇಕು. ನನಗೆ ಗೊತ್ತಿದ್ದದ್ದು ಅದೊಂದೇ.

“ಅಕ್ಕ, ಮಗನ ಕೈಲಿ ಇದೆಲ್ಲಾ ಮಾಡಿಸ್ಕೋತೀನಿ ಅಂತ ಅವರಿಗೆ ಹೇಳಬೇಡಿ. ಮಾನ ಹೋಗತ್ತೆ,” ಎಂದು ತಾಯಿ ತೊದಲಿದರು.

“ಯಾರು ಹೇಳ್ತಾರೆ, ಸುಮ್ನಿರಮ್ಮ,” ಎಂದೆ. ತಲೆ ಬಾಚಿ, ರೇಷ್ಮೆ ಸೀರೆ ಉಡಿಸಿ, ಸ್ವಾಧೀನ ತಪ್ಪಿದ ಎಡಗೈಯನ್ನು ಸೆರಗಿನಡಿ ಮುಚ್ಚಿ ಸೋಫಾದಲ್ಲಿ ಕೂರಿಸಿದೆ. ಅಧಿಕಾರಿ ಬಂದಾಗ ಆಕೆ ಬಲಗೈಯಲ್ಲಿ ಕಾಫಿ ಹಿಡಿದು ನಕ್ಕರು. ನಾನು ಚಕ್ಕುಲಿ ಕೊಟ್ಟೆ. ಹುಡುಗ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದ. ನನಗೆ ಹೆಮ್ಮೆಯಾಗಿತ್ತು.

ವರದಿ ಬಂತು. ಮನೆ ಅಚ್ಚುಕಟ್ಟಾಗಿದೆ, ತಾಯಿ ಗೆಲುವಾಗಿದ್ದಾರೆ, ನೆರವಿಗೆ ಅನುಭವಿ ನರ್ಸ್ ಒಬ್ಬರು ಅದೇ ಕಟ್ಟಡದಲ್ಲಿದ್ದಾರೆ. ಅರ್ಜಿ ತಿರಸ್ಕೃತವಾಯಿತು.

“ತೊಳೆದೆಯಾ?” ಎಂದು ಕೇಳಿದರು ವಕೀಲಮ್ಮ.

“ತೊಳೆದೆ.”

ಅವರು ಬೆರಳು ಹಾಕಿ ತುಟಿಯೊಳಗಿನ ಉಂಡೆಯನ್ನು ತೆಗೆದು ಸಾಸರಿಗೆ ಒರೆಸಿದರು. ನಾನು ಮುಖ ತಿರುಗಿಸಿದೆ. “ಮೇಲ್ಮನವಿಗೆ ಮೂರು ವಾರ ಇದೆ. ಅವಳ ಸ್ಥಿತಿ ಕಂಡವರ ಸಹಿ ತಗೊಂಡು ಬಾ.”

ಗೋಥೆನ್‌ಬರ್ಗ್‌ನಲ್ಲಿ ನಮ್ಮವರ ಯುಗಾದಿ ಊಟವಿತ್ತು. ಹುಡುಗನ ಮನೆಗೆ ಹೋಗಿಬಂದು ಎಲ್ಲವನ್ನೂ ಕಂಡಿದ್ದವರು ಅಲ್ಲಿದ್ದರು. ಒಬ್ಬರು, “ಅಯ್ಯೋ ಬಿಡಿ ಸಿಸ್ಟರ್, ಇಂಥದ್ದನ್ನೆಲ್ಲಾ ಪೇಪರ್ ಮೇಲೆ ಹಾಕ್ತಾರಾ?” ಎಂದರು. ಅವರ ಹೆಂಡತಿ, “ವಯಸ್ಸಿಗೆ ಬಂದ ಮಗ ತಾಯಿಗೆ ಸ್ನಾನ ಮಾಡಿಸೋದು ಅಂದ್ರೆ… ಛೀ, ನಂಗೆ ಕೇಳಕ್ಕೇ ಆಗಲ್ಲ,” ಎಂದು ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ತುಪ್ಪ ಮೆತ್ತಿದ ಆ ಬೆರಳುಗಳನ್ನು ನೋಡಿ ನನಗೆ ಊಟ ಸೇರಲಿಲ್ಲ. ಒಂದು ಸಹಿಯೂ ಸಿಗಲಿಲ್ಲ.

ಮುಂದಿನ ಮಂಗಳವಾರ ಗ್ರಂಥಾಲಯದಲ್ಲಿ ಬರಿಗೈಯಲ್ಲಿ ಕೂತಿದ್ದಾಗ ಹುಡುಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ವಕೀಲಮ್ಮನ ಮುಂದಿಟ್ಟ. ಒಳಗೆ ನನ್ನ ಚೀಟಿಗಳು. ಅವರು ಒಂದನ್ನು ಎತ್ತಿ ಗಟ್ಟಿಯಾಗಿ ಓದಿದರು: ‘ಇದು ಆಸ್ಪತ್ರೆಯ ಲಾಂಡ್ರಿಯಲ್ಲ. ಮೂತ್ರದ ವಾಸನೆಯ ಬಟ್ಟೆಗಳನ್ನು ಯಂತ್ರಕ್ಕೆ ಹಾಕಿರುವುದು ಈ ವಾರ ಇದು ನಾಲ್ಕನೇ ಸಲ…’

“ಇವನ್ನೆಲ್ಲಾ ಯಾಕೋ ಇಟ್ಕೊಂಡೆ?” ಎಂದೆ.

“ಬಾಗಿಲಲ್ಲೇ ಬಿಟ್ರೆ ಎಲ್ಲಾರೂ ಓದ್ತಾರಲ್ಲ ಆಂಟಿ. ಹರಿದುಹಾಕಿದ್ರೆ ನಿಮಗೆ ಇನ್ನೂ ಕೋಪ ಬರತ್ತೆ.”

ವಕೀಲಮ್ಮ ಕಂದು ಹಲ್ಲು ಬಿಟ್ಟು ನಕ್ಕರು. “ದಿನಾಂಕ, ಗಂಟೆ, ಸಹಿ. ಇಷ್ಟು ಚಂದದ ಪುರಾವೆ ನಾನು ಕಂಡಿಲ್ಲ. ಪ್ರೀತಿಯಿಂದ ಹೇಳುವ ನೆರೆಯವರನ್ನು ಯಾವ ಕಚೇರಿಯೂ ನಂಬುವುದಿಲ್ಲ, ಸಿಡುಕುವವರನ್ನು ನಂಬುತ್ತದೆ.” ಆಮೇಲೆ ನಗು ನಿಲ್ಲಿಸಿ ಕೇಳಿದರು, “ಮೂತ್ರದ ವಾಸನೆ ಎಂದು ಬರೆದಿದ್ದೀಯ. ಮೂವತ್ತು ವರ್ಷದ ನರ್ಸ್. ಒಂದು ಸಲವೂ ಮೇಲೆ ಹೋಗಿ ನೋಡಬೇಕು ಅನ್ನಿಸಲಿಲ್ಲವೇ?”

“ಸರದಿ ಪಟ್ಟಿ ನನ್ನ ಕೆಲಸ. ಅವರ ಮನೆ ನನ್ನ ಕೆಲಸವಲ್ಲ ಅಂದುಕೊಂಡೆ.”

“ಅದನ್ನೇ ಬರಿ. ಬಾಲ್ಕನಿಯ ಕುರ್ಚಿಯನ್ನೂ ಬರಿ.”

ಎರಡು ಪುಟ ಬರೆದು ಸಹಿ ಹಾಕಿದೆ. ಬರೆಯುವಾಗ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇಂದಿಗೂ ಪೂರ್ತಿ ಹೋಗಿಲ್ಲ.

ಒಂದು ವರ್ಷದ ಮುಂದೂಡಿಕೆ ಸಿಕ್ಕಿತು. ತಾಯಿಗೆ ಅಷ್ಟು ಬೇಕಾಗಲಿಲ್ಲ. ಎಂಟನೇ ತಿಂಗಳಲ್ಲಿ ತಮ್ಮ ಮಂಚದ ಮೇಲೆಯೇ, ಮಗನ ಕೈ ಹಿಡಿದುಕೊಂಡು ಹೋದರು. ಹುಡುಗ ವರ್ಷ ಮುಗಿದ ಮೇಲೆ ಸೇವೆಗೆ ಹೋದ. ಆಮೇಲೆ ಎಲ್ಲಿಗೋ… ಮನೆಯ ಬಾಗಿಲಿನ ಹೆಸರು ಬದಲಾಯಿತು.

ಮುಂದಿನ ಚಳಿಗಾಲ ಗ್ರಂಥಾಲಯಕ್ಕೆ ಹೋದಾಗ ವಕೀಲಮ್ಮನ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಅವರು ತೀರಿಕೊಂಡರೆಂದು ಕೌಂಟರಿನವರು ಹೇಳಿದರು. ಮುಂದೂಡಿಕೆಯ ಆದೇಶ ಬಂದ ದಿನ ಅವರು ನನ್ನತ್ತ ಕೈ ಚಾಚಿದ್ದರು. ನಾನು ಬೆರಳ ತುದಿಯಿಂದ ಮುಟ್ಟಿ, ಹೊರಗೆ ಬಂದು ಸೋಪು ಹಚ್ಚಿ ಕೈ ತೊಳೆದುಕೊಂಡಿದ್ದೆ.

ಕಳೆದ ವಾರದ ಚೀಟಿ ನನಗೇ ಬರೆದದ್ದು. ಈಚೆಗೆ ಕೆಲವು ಬೆಳಗು ಎಚ್ಚರವಾಗುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತದೆ, ಸರದಿಗೆ ಕಾಯಲಾಗುವುದಿಲ್ಲ. ಬರೆದವರು ದಿನಾಂಕ ಹಾಕಿರಲಿಲ್ಲ, ಸಹಿಯೂ ಇರಲಿಲ್ಲ. ಉಳಿದವರು ಓದುವ ಮೊದಲು ಕಿತ್ತುಕೊಂಡು ಮೇಲೆ ಬಂದೆ. ಮೂಲೆಯಲ್ಲಿ ನಾನೇ ದಿನಾಂಕ, ಗಂಟೆ ಬರೆದು ಒಂದು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೆ. ಮರುದಿನ ಮಂಗಳವಾರ. ತೋರಿಸಲು ಯಾರೂ ಇರಲಿಲ್ಲ.