ತಂಗಿ ಬಂದ ಕಥೆ

ನಾನು ಚಿಕ್ಕವನಿದ್ದಾಗ, ಅಂದರೆ ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ನಮ್ಮ ಮನೆ ದೆಹಲಿಯ ಆರ್.ಕೆ.ಪುರಂನಲ್ಲಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮಗೆ ಸಿಕ್ಕಿದ್ದು ನೆಲಮಹಡಿಯ ಹಳದಿ ಗೋಡೆಯ ಕ್ವಾರ್ಟರ್ಸ್. ಮುಂದೆ ಎರಡು ಮೆಟ್ಟಿಲು, ತುಕ್ಕು ಹಿಡಿದ ಸಣ್ಣ ಗೇಟು, ಗೇಟಿನಾಚೆ ಒಂದು ದೊಡ್ಡ ಬೇವಿನ ಮರ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು ಮತ್ತು ಅಜ್ಜ ಇದ್ದೆವು.

ಅಜ್ಜ ಎಂದರೆ ಅಪ್ಪನ ಅಪ್ಪ. ಚಿತ್ರದುರ್ಗದ ಕಡೆಯ ಒಂದು ಎಣ್ಣೆ ಗಿರಣಿಯಲ್ಲಿ ಬಹುಕಾಲ ಇಂಜಿನ್ ನೋಡಿಕೊಂಡಿದ್ದವರು. ಗಿರಣಿ ಮುಚ್ಚಿದ ಮೇಲೆ ನಮ್ಮ ಜೊತೆ ಇರಲು ಬಂದಿದ್ದರು. ಅವರ ಅಂಗಿಗೆ ಎಷ್ಟು ಒಗೆದರೂ ಹೋಗದ ಕಡಲೇಕಾಯಿ ಎಣ್ಣೆಯ ವಾಸನೆ ಇರುತ್ತಿತ್ತು. ಹಿಂದಿ ಅವರಿಗೆ ಒಲಿಯಲೇ ಇಲ್ಲ. ತರಕಾರಿ ಗಾಡಿಯವನನ್ನು ‘ಭಯ್ಯಾ’ ಎಂದು ಕರೆದು, ಮುಂದಿನದನ್ನೆಲ್ಲ ಕೈಸನ್ನೆಯಲ್ಲಿ ಮುಗಿಸುತ್ತಿದ್ದರು. ಕನ್ನಡದಲ್ಲಿ ಮಾತ್ರ ಅವರ ಬಾಯಿಗೆ ಬಿಡುವಿರಲಿಲ್ಲ. ತೊಡೆಯ ಮೇಲೆ ಇಂಜಿನ್ನಿನ ಹಾಗೆ ‘ಧಕ್ ಧಕ್’ ಎಂದು ತಟ್ಟುತ್ತ ಸುಳ್ಳು ಸುಳ್ಳೇ ಪದ್ಯ ಕಟ್ಟುತ್ತಿದ್ದರು.

ಅವರಿಗೆ ಒಂದು ಪದ್ಧತಿ ಇತ್ತು. ಮನೆಗೆ ಮೊಮ್ಮಗು ಬಂದರೆ ಅದು ಹೇಗೆ ಬಂತು ಎಂದು ಒಂದು ಪದ್ಯ ಬರೆಯುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ಬಂದ ಕಥೆ’. ದೊಡ್ಡ ಅಂಕಿಯ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು, ಅಲ್ಮೇರಾ ಬಾಗಿಲಿಗೆ ಅಂಟಿಸುತ್ತಿದ್ದರು. ಅಕ್ಕ ಬಂದ ಕಥೆ ಹೀಗಿತ್ತು:

ರೈಲಿನ ಬುತ್ತಿಯ ಮುಚ್ಚಳ ತೆಗೆದರೆ
ಚಿತ್ರಾನ್ನದೊಳಗೊಂದು ಕೂಗು,
ಕಡಲೇಬೀಜದ ನಡುವಲಿ ಕಂಡಿತು
ಬೆಂಡೇಕಾಯಂಥ ಮೂಗು!

ಅಕ್ಕನಿಗೆ ಅದನ್ನು ಕಂಡರೆ ಸಿಟ್ಟು. ಗೆಳತಿಯರು ಬಂದಾಗ ಆ ಬಾಗಿಲಿಗೆ ಟವೆಲ್ ಇಳಿಬಿಡುತ್ತಿದ್ದಳು. ನನ್ನದು ನನಗೆ ಬಲು ಇಷ್ಟವಾಗಿತ್ತು:

ಕೂಲರ್ ನುಂಗಿತು ಮೋಡದ ಮರಿಯ,
ಕೆಮ್ಮಿತು ಗೊರ ಗೊರ ಜೋರು,
ಹುಲ್ಲಿನ ಪರದೆಯ ಸೀಳಿ ಬಂದವನ
ತಲೆಯಲಿ ಕೂದಲು ಮೂರು!

ಆ ಪದ್ಧತಿಗೆ ಒಂದು ಕಟ್ಟುಪಾಡಿತ್ತು. ಉಳಿದ ಸಾಲುಗಳನ್ನು ಮೊದಲೇ ಬರೆಯಬಹುದು. ಕಡೆಯ ಸಾಲನ್ನು ಮಾತ್ರ ಮಗುವನ್ನು ಅಜ್ಜನ ಮಡಿಲಲ್ಲಿ ಮಲಗಿಸಿ, ಅವರು ಅದರ ಮುಖ ನೋಡಿದ ಮೇಲೆಯೇ ಬರೆಯಬೇಕು.

ಆ ವರ್ಷ ಅಮ್ಮನ ಹೊಟ್ಟೆಯಲ್ಲಿ ಪಾಪು ಇತ್ತು. ಅಜ್ಜ ಚಳಿಗಾಲದ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತು, ಕಡಲೇಕಾಯಿ ಸುಲಿಯುತ್ತ, ಅದರ ಕಥೆಯನ್ನು ಕಟ್ಟಿದರು. ಎಲ್ಲಕ್ಕಿಂತ ಉದ್ದದ ಕಥೆ ಅದೇ.

ಕುತುಬ್ ಮಿನಾರಿನ ತುದಿಯಲಿ ಒಂದು
ಗಿಳಿಯಿಟ್ಟಿತಂತೆ ಮೊಟ್ಟೆ,
ಉರುಳಿತು ಮೊಟ್ಟೆ, ಹಿಡಿಯಲು ಓಡಿದ
ಆನೆಗೆ ಇಷ್ಟಗಲ ಹೊಟ್ಟೆ!

ಹೊಟ್ಟೆಯ ಮೇಲೆ ಪುಟಿಯಿತು ಮೊಟ್ಟೆ,
ಬಸ್ಸಿನ ಟಾಪಿಗೆ ಬಿದ್ದು,
ಆರ್.ಕೆ.ಪುರಮಿನ ಸ್ಟಾಪಲಿ ಒಡೆದರೆ

ಅಲ್ಲಿಗೆ ನಿಲ್ಲಿಸಿ, ಕೆಳಗೆ ಎರಡು ಬೆರಳಗಲ ಜಾಗ ಬಿಟ್ಟು, ಹಾಳೆಯನ್ನು ಅಂಟಿಸಿಬಿಟ್ಟರು. ನನಗೆ ತಡೆಯಲಾಗಲಿಲ್ಲ.

“ಅಜ್ಜ, ಅಂಡಾ ಒಳಗೆ ಕ್ಯಾ ಹೈ?” ಎಂದು ಕೇಳಿದೆ.

“ಅಂಡಾ ಅಲ್ವೋ, ಮೊಟ್ಟೆ. ಅಂಡಾ ಅಂದ್ರೆ ನನ್ನ ಆನೆ ಹೊಟ್ಟೆ ಗತಿ ಏನು?” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಮುಖ ನೋಡ್ದೆ ಹೆಂಗೆ ಬರೀಲಿ? ಬರಲಿ, ಕಾಯಿ,” ಎಂದರು.

ನಾನು ಕಾದೆ. ಅಕ್ಕ ಅಮ್ಮನ ಹಳೇ ನೂಲಿನ ಸೀರೆ ಹರಿದು ಚೌಕ ಚೌಕ ಬಟ್ಟೆ ಮಾಡಿ ಮಡಿಸಿಟ್ಟಳು. ಪಾಪುವಿಗೆ ಸೆಕೆಯಾಗಬಾರದೆಂದು ಅಪ್ಪ ಆ ವರ್ಷ ಬೇಗನೆ ಕೂಲರಿಗೆ ಹೊಸ ಲಾವಂಚದ ಹುಲ್ಲು ತುಂಬಿಸಿದರು. ನೀರು ಬಿಟ್ಟರೆ ಮನೆಯೆಲ್ಲ ಮಳೆ ಬಿದ್ದ ಮಣ್ಣಿನ ಘಮ. ಯುಗಾದಿ ಬಂತು. ಅಜ್ಜ ಗೇಟಿನಾಚೆಯ ಮರದಿಂದ ಬೇವಿನ ಕುಡಿ ಕಿತ್ತು, ಮಾರುಕಟ್ಟೆಯ ಮಾವಿನೆಲೆಯ ಜೊತೆ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದರು. ಕುರ್ಚಿ ಹತ್ತಿ ಕಟ್ಟುವಾಗ ಅಮ್ಮ ಕೆಳಗೆ ನಿಂತು, “ಮಾವ, ಬಿದ್ದೀರಿ,” ಎಂದು ಕುರ್ಚಿ ಹಿಡಿದುಕೊಂಡಿದ್ದಳು.

ಹಬ್ಬ ಕಳೆದು ಕೆಲವು ದಿನಗಳಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಅಪ್ಪ ಒಬ್ಬರೇ ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಅಜ್ಜನ ಮಂಚದ ತುದಿಯಲ್ಲಿ ಕೂತರು. ಹೆಣ್ಣು ಮಗು, ಉಸಿರಾಡಲಿಲ್ಲ ಎಂದರು. ಅಜ್ಜನ ಕೈ ತೊಡೆಯ ಮೇಲಿತ್ತು. ಅದು ಎರಡು ಸಲ ಎದ್ದು, ತಟ್ಟದೆ ಹಾಗೇ ಇಳಿಯಿತು. ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅಪ್ಪನ ಮುಖ ನೋಡಲು ಹೆದರಿ ನಾನು ಆ ಕೈಯನ್ನೇ ನೋಡುತ್ತಿದ್ದೆ.

ನಾನು ಹೇಳಬೇಕೆಂದಿರುವುದು ಅದಾದ ಎರಡನೆಯ ದಿನದ ಮಾತು, ಅಮ್ಮ ಮನೆಗೆ ಬಂದ ದಿನದ್ದು. ಬೆಳಿಗ್ಗೆ ಅಪ್ಪ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಅಮ್ಮನ ಕಣ್ಣಿಗೆ ಬೀಳಬಾರದೆಂದು ಅಕ್ಕ ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಅಜ್ಜ ಅಲ್ಮೇರಾ ಬಾಗಿಲಿನಿಂದ ಆ ಹಾಳೆಯನ್ನು ಮೆಲ್ಲಗೆ ಬಿಡಿಸಿ, ಸುರುಳಿ ಸುತ್ತಿ ಮೇಲೆ ಇಟ್ಟರು. ನಮ್ಮಿಬ್ಬರ ಕಥೆಗಳ ನಡುವೆ ನಾಲ್ಕು ಗೋಂದಿನ ಗುರುತು ಉಳಿಯಿತು. ಇಷ್ಟೆಲ್ಲ ನೆನಪಿಟ್ಟುಕೊಂಡು ತೆಗೆದ ನಮಗೆ ಬಾಗಿಲ ತೋರಣ ಮಾತ್ರ ಕಾಣಲಿಲ್ಲ. ಅದು ಒಣಗಿ ಕಂದಾಗಿ ತೂಗುತ್ತಿತ್ತು. ಯುಗಾದಿಯ ತೋರಣವನ್ನು ಯಾರು ತಾನೇ ನೋಡುತ್ತಾರೆ? ಅದು ತಾನಾಗಿ ಉದುರುವವರೆಗೆ ಇರುತ್ತದೆ.

ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ಬೀದಿಯಲ್ಲಿ ಢೋಲಕಿನ ಸದ್ದು ಕೇಳಿತು. ದೆಹಲಿಯಲ್ಲಿ ಮಗು ಹುಟ್ಟಿದ ಮನೆಗೆ ಮಂಗಳಮುಖಿಯರು ಬಂದು ಹಾಡಿ, ಕುಣಿದು, ಮಗುವನ್ನು ಹರಸಿ ಹೋಗುತ್ತಾರೆ. ಅಂದು ಮೂವರು ಬಂದರು. ಹಿಂದೆ ಕ್ವಾರ್ಟರ್ಸಿನ ಮಕ್ಕಳ ಹಿಂಡು. ಹಿರಿಯರಾದವರಿಗೆ ತಲೆ ನರೆತಿತ್ತು, ಗಿಳಿ ಹಸಿರು ಸೀರೆ ಉಟ್ಟಿದ್ದರು. ಇನ್ನೊಬ್ಬರು ಬಹಳ ಎತ್ತರ. ಮೂರನೆಯವರ ಕೊರಳಲ್ಲಿ ಢೋಲಕ್. ನಮ್ಮ ಗೇಟು ತೆರೆದು, ಮೆಟ್ಟಿಲ ಮುಂದೆ ನಿಂತು, ಚಪ್ಪಾಳೆ ತಟ್ಟಿ ಹಾಡತೊಡಗಿದರು.

ಅಕ್ಕನಿಗೆ ಹಿಂದಿ ನೀರು ಕುಡಿದಷ್ಟು ಸುಲಭ. ಆದರೆ ಅವಳು ಬಾಗಿಲ ಹಿಂದೆ ಸರಿದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ನನಗೆ ಭಾಷೆ ಗೊತ್ತಿತ್ತು, ಹೇಳಬೇಕಾದ್ದನ್ನು ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ. ಕಡೆಗೆ ಅಜ್ಜನೇ ಹೊರಗೆ ಬಂದರು. ಎರಡೂ ಕೈ ಎತ್ತಿ, “ಬಚ್ಚಾ ನಹೀ,” ಮಗು ಇಲ್ಲ, ಎಂದರು.

ಎತ್ತರದವರು ನಕ್ಕರು. “ಅರೇ ಬಾಬೂಜಿ, ಹಮ್ ಸೇ ಛುಪಾತೇ ಹೋ? ನೀಮ್ ತೋ ಬಾಂಧ್ ರಖಾ ಹೈ,” ನಮ್ಮಿಂದ ಮುಚ್ಚಿಡುತ್ತೀರಾ, ಬೇವು ಕಟ್ಟಿದ್ದೀರಲ್ಲ, ಎಂದು ಬಾಗಿಲ ಮೇಲೆ ಬೆರಳು ತೋರಿಸಿದರು. ಆ ಕಡೆಯ ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದಾಗ ಬಾಗಿಲಿಗೆ ಬೇವಿನೆಲೆ ಕಟ್ಟುತ್ತಾರೆ. ಬೇವು ಕಂಡರೆ ಒಳಗೆ ತೊಟ್ಟಿಲಿದೆ ಎಂದೇ ಅರ್ಥ. ಇಷ್ಟು ವರ್ಷ ಅಲ್ಲಿದ್ದೂ ನಮಗೆ ಅದು ಹೊಳೆದಿರಲಿಲ್ಲ.

ಅಜ್ಜ ತಲೆಯೆತ್ತಿ ತೋರಣ ನೋಡಿದರು. “ಅದು ಯುಗಾದೀದು,” ಎಂದು ಕನ್ನಡದಲ್ಲೇ ಹೇಳಿದರು. ಬಂದವರಿಗೆ ಅದು ತಿಳಿಯಲಿಲ್ಲ. ಢೋಲಕ್ ಮತ್ತೆ ಶುರುವಾಯಿತು. ಅಜ್ಜ ಒಂದು ಮೆಟ್ಟಿಲು ಇಳಿದು, ತಮ್ಮಲ್ಲಿದ್ದ ಹಿಂದಿಯನ್ನೆಲ್ಲ ಹುಡುಕಿ, “ಆಯಾ,” ಎಂದರು. ಆಮೇಲೆ ಕೈಯನ್ನು ಆಕಾಶದ ಕಡೆ ತೋರಿಸಿ, “ಗಯಾ,” ಎಂದರು. ಬಂತು, ಹೋಯಿತು ಎಂದು.

ಢೋಲಕ್ ನಿಂತಿತು. ನಗುತ್ತಿದ್ದ ಮಕ್ಕಳೂ ಸುಮ್ಮನಾದರು. ಹಿರಿಯರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಹಿಂದಿದ್ದ ಅಕ್ಕನನ್ನು ಯಾವಾಗ ಎಂದು ಮೆಲ್ಲಗೆ ಕೇಳಿದರು. “ಪರಸೋಂ,” ಎಂದಳು ಅಕ್ಕ ಗೋಡೆಯ ಕಡೆಯಿಂದಲೇ. ಮೊನ್ನೆ ಎಂದು. ತಾಯಿ ಎಲ್ಲಿ ಎಂದು ಕೇಳಿದರು. ಈಗ ಬರುತ್ತಾಳೆ ಎಂದೆ ನಾನು.

ಅವರು ತೋರಣವನ್ನು ನೋಡಿದರು. “ಮಾ ಕೇ ಆನೇ ಸೇ ಪೆಹಲೇ ಇಸೇ ಉತಾರ್ ದೋ, ಬೇಟಾ,” ಎಂದರು. ಅಮ್ಮ ಬರುವ ಮೊದಲು ಇದನ್ನು ಇಳಿಸಿ, ಇಲ್ಲದಿದ್ದರೆ ಇದನ್ನು ಕಂಡು ಇನ್ಯಾರಾದರೂ ಬಂದಾರು ಎಂದರು. ಅಜ್ಜ ಕುರ್ಚಿ ತಂದರು. ಹತ್ತಲು ಕಾಲೆತ್ತಿದರು. ಆಗ ಎತ್ತರದವರು ಅವರನ್ನು ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿ, ನಿಂತಲ್ಲಿಂದಲೇ ಕೈ ಚಾಚಿ ದಾರ ಬಿಚ್ಚಿದರು. ಒಣಗಿದ ಎಲೆಗಳು ಹೊಸಿಲ ಮೇಲೆ ಉದುರದಂತೆ ಸೆರಗೊಡ್ಡಿ ಎಲ್ಲವನ್ನೂ ಅದರಲ್ಲಿ ತುಂಬಿಕೊಂಡರು. ಒಂದೇ ಒಂದು ಎಲೆ ಕೆಳಗೆ ಬಿತ್ತು. ಅದನ್ನು ನಾನು ಹೆಕ್ಕಿ ಕೊಟ್ಟೆ.

ಅಜ್ಜ ಅಂಗಿಯ ಜೇಬಿಗೆ ಕೈ ಹಾಕಿದಾಗ ಹಿರಿಯರು ಬೇಡವೆಂದು ತಲೆಯಾಡಿಸಿ, ಕುಡಿಯಲು ನೀರು ಕೇಳಿದರು. ಮೂವರೂ ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ಅವರು ಎದ್ದು ಗೇಟಿನ ಬಳಿ ಹೋಗುವಷ್ಟರಲ್ಲಿ ಆಟೋ ಬಂದು ನಿಂತಿತು.

ಅಪ್ಪ ಇಳಿದು, ಅವರನ್ನು ಕಂಡು ಗಾಬರಿಯಾಗಿ ಆಟೋ ಬಾಗಿಲಿಗೆ ಅಡ್ಡ ನಿಂತರು. ಅಮ್ಮ ಅಪ್ಪನ ಪಕ್ಕದಿಂದ ನೋಡಿದಳು. ಶಾಲು ಹೊದ್ದಿದ್ದಳು, ಆ ಸೆಕೆಯಲ್ಲೂ. ಹಸಿರು ಸೀರೆಯವರು ಹತ್ತಿರ ಹೋಗಿ ಅಮ್ಮನ ತಲೆಯ ಮೇಲೆ ಕೈಯಿಟ್ಟು ಹೊರಟುಹೋದರು. ಅವರು ಬೀದಿಯ ತಿರುವು ದಾಟುವವರೆಗೂ ನಾನು ಕಿವಿಗೊಟ್ಟು ನಿಂತಿದ್ದೆ. ಢೋಲಕ್ ಮತ್ತೆ ಕೇಳಲಿಲ್ಲ.

ಅಮ್ಮ ಒಳಗೆ ಬಂದು ಮಂಚದ ಮೇಲೆ ಕೂತಳು. ಅಕ್ಕ ಮಾಡಿದ ಗಂಜಿಯನ್ನು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಕೂಲರ್ ಒಂದೇ ಸದ್ದು ಮಾಡುತ್ತಿತ್ತು. ಅಮ್ಮನ ಕಣ್ಣು ಅಲ್ಮೇರಾ ಬಾಗಿಲ ಮೇಲೆ ನಿಂತಿತು.

“ಮಾವ, ಅವಳ ಕಥೆ ಎಲ್ಲಿ?”

“ಈಗ ಬೇಡ ಬಿಡು,” ಎಂದರು ಅಪ್ಪ.

“ಇಬ್ಬರದೂ ಇದೆ. ಅವಳದು ಯಾಕೆ ತೆಗೆದ್ರಿ?”

ಅಜ್ಜ ನೆಲ ನೋಡುತ್ತಿದ್ದರು. “ಅದು ಮುಗಿದಿಲ್ಲ ಕಣಮ್ಮ. ನಾನು ಮುಖ ನೋಡ್ಲಿಲ್ಲ.”

“ನಾನು ನೋಡಿದೀನಿ ಮಾವ. ಇರೋಷ್ಟು ಓದಿ.”

ಅಜ್ಜ ಸುರುಳಿ ಇಳಿಸಿದರು. ಬಿಡಿಸಿದರೆ ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಕೆಳಗಿನ ಎರಡು ಮೂಲೆಗಳನ್ನು ನಾನು ಹಿಡಿದುಕೊಂಡೆ. ಅವರು ತೊಡೆ ತಟ್ಟದೆ ಓದಿದರು. ಮಿನಾರಿನ ಮೇಲೆ ಗಿಳಿ ಮೊಟ್ಟೆಯಿಟ್ಟಿತು, ಆನೆ ಓಡಿತು, ಮೊಟ್ಟೆ ಬಸ್ಸಿನ ಮೇಲೆ ಬಿತ್ತು. ಆನೆಯ ಹೊಟ್ಟೆ ಬಂದಾಗ ಅಮ್ಮನ ತುಟಿ ಸ್ವಲ್ಪ ಅಲುಗಿತು. ‘ಸ್ಟಾಪಲಿ ಒಡೆದರೆ’ ಎಂದು ಓದಿ ಅಜ್ಜ ನಿಂತರು. ಕೆಳಗೆ ಬರೀ ಹಾಳೆ ಇತ್ತು. ನನ್ನ ಎರಡು ಹೆಬ್ಬೆರಳು ಆ ಖಾಲಿ ಜಾಗದ ಮೇಲಿದ್ದವು.

ಅಮ್ಮ ಹೇಳಿದಳು, “ತಲೆ ತುಂಬ ಕೂದಲಿತ್ತು. ಕಪ್ಪಗೆ. ಗಲ್ಲದಲ್ಲಿ ಗುಳಿ ಇತ್ತು. ನಿಮಗಿದೆಯಲ್ಲ ಮಾವ, ಹಾಗೇ.”

ಅಜ್ಜ ತಮ್ಮ ಗಲ್ಲ ಮುಟ್ಟಿಕೊಂಡರು. ಗೋಡೆಗೆ ಒರಗಿ ನಿಂತಿದ್ದ ಅಕ್ಕ ಆಗ ಜೋರಾಗಿ ಅತ್ತಳು. ಮೂರು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಅಮ್ಮ ಕೈ ಚಾಚಿ ಅವಳನ್ನು ಪಕ್ಕಕ್ಕೆ ಕರೆದುಕೊಂಡಳು. ಸಂಜೆ ಅಜ್ಜ ಹಾಳೆಯನ್ನು ಮೊದಲಿದ್ದ ಜಾಗಕ್ಕೇ ಅಂಟಿಸಿದರು. ನಾನು ಸ್ಕೆಚ್ ಪೆನ್ ತಂದು ಕೊಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದು ಹಾಳೆಯ ಮುಂದೆ ನಿಂತಿದ್ದು, ಮುಚ್ಚಳ ತೆಗೆಯದೆ ನನಗೇ ವಾಪಸು ಕೊಟ್ಟರು.

ನನ್ನ ಮಕ್ಕಳೇ, ಆ ಹಳದಿ ಕ್ವಾರ್ಟರ್ಸ್ ಈಗಿಲ್ಲ. ನೀವು ಘಾಜಿಯಾಬಾದಿನಲ್ಲಿ ಮೋಡಕ್ಕೆ ಹತ್ತಿರದ ಮಹಡಿಯಲ್ಲಿದ್ದೀರಿ. ಕೆಳಗಿನ ಗೇಟಿನಲ್ಲಿ ಹೇಳದೆ ಯಾರೂ ನಿಮ್ಮ ಬಾಗಿಲಿಗೆ ಬರುವಂತಿಲ್ಲ. ನಾನು ಯುಗಾದಿಗೆ ಕಟ್ಟುವ ಬೇವು ಬೀದಿಯಲ್ಲಿ ಹೋಗುವವರಿಗೆ ಕಾಣುವುದೂ ಇಲ್ಲ. ನಿಮ್ಮ ಮನೆಗೆ ಲಾವಂಚದ ಘಮ ಬೇಡ, ತಣ್ಣಗಿನ ಗಾಳಿ ಸದ್ದಿಲ್ಲದೆ ಬರುತ್ತದೆ. ನೀವು ಹುಟ್ಟುವ ಮೊದಲೇ ನಿಮ್ಮ ಮುಖವನ್ನು ನಾನು ಸ್ಕ್ಯಾನಿನ ಪರದೆಯ ಮೇಲೆ ನೋಡಿದ್ದೆ. ಆದರೂ ನಿಮ್ಮ ಬಂದ ಕಥೆಗಳ ಕಡೆಯ ಸಾಲನ್ನು ನೀವು ನನ್ನ ಮಡಿಲಿಗೆ ಬಂದ ಮೇಲೆಯೇ ಬರೆದೆ. ಅವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬಂದವರ ಮುಂದೆಲ್ಲ ಕೂಗಿ ಹೇಳುತ್ತೀರಿ.

ಅವುಗಳ ಮೇಲಿರುವ ಹಳದಿಯಾದ ಹಾಳೆ ಆ ತಂಗಿಯದು. ಅದನ್ನು ಓದುವಾಗಲೆಲ್ಲ ನಿಮ್ಮ ತುಟಿ ಚಡಪಡಿಸುವುದನ್ನು ನಾನು ನೋಡಿದ್ದೇನೆ. ‘ಬಿದ್ದು’ವಿಗೆ ಪ್ರಾಸ ಕೂಡುವ ಮಾತು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಅವಳ ಮುಖ ಕಂಡವಳು ನಮ್ಮಮ್ಮ. ಅಮ್ಮ ಹೇಳಿದ್ದಕ್ಕೆ ಪ್ರಾಸವಿರಲಿಲ್ಲ. ಅದಕ್ಕೇ ನಾನು ‘ಒಡೆದರೆ’ ಎಂಬಲ್ಲಿ ನಿಲ್ಲುತ್ತೇನೆ. ಆಮೇಲೆ ನಿಮ್ಮಲ್ಲಿ ಚಿಕ್ಕವಳು ಮೆಲ್ಲಗೆ, ತಲೆ ತುಂಬ ಕೂದಲಿತ್ತು, ಗಲ್ಲದಲ್ಲಿ ಗುಳಿ ಇತ್ತು ಎನ್ನುತ್ತಾಳೆ. ಹೇಳಿ, ತನ್ನ ಗಲ್ಲ ಮುಟ್ಟಿ ನೋಡಿಕೊಳ್ಳುತ್ತಾಳೆ.